ಗ್ರಾಮವೈರದ ಮೂಲಗಳು: ಸ್ಮೃತಿ ಶಾಸನಗಳ ಸಾಕ್ಷ್ಯ

ಹಳ್ಳಿಗಳಲ್ಲಿ ಹಗೆತನದಿಂದ ನಡೆದ ಕೊಲೆ, ಮನೆ ಸುಡುವುದು, ಬೆಳೆ ಕೊಯ್ದೊಯ್ಯುವುದು ಮೊದಲಾದ ಕೃತ್ಯಗಳ ವರ್ತಮಾನವನ್ನು ಓದಿದಾಗ ನಗರವಾಸಿಗಳಾದ ವಿದ್ಯಾವಂತರು ಸಾಮಾನ್ಯವಾಗಿ ಒಂದು ಮಾತನ್ನು ಹೇಳಿ ಸುಮ್ಮನಾಗುವರು: ಅದು ಹಳ್ಳಿಗರ ಸ್ವಭಾವ ಎಂದು. ಈ ಮಾತಿಗೆ ಪ್ರಮಾಣವನ್ನು ಯಾರೂ ಕೇಳುವುದಿಲ್ಲ. ಸ್ವಭಾವವೇ ಕಾರಣವಾಗಿದ್ದ ಪಕ್ಷದಲ್ಲಿ ವೈರವು ಎಲ್ಲ ಸೀಮೆಗಳಲ್ಲಿಯೂ ಎಲ್ಲ ಕಾಲಗಳಲ್ಲಿಯೂ ಸಮಪ್ರಮಾಣದಲ್ಲಿ ಕಾಣಬೇಕಾಗಿದ್ದಿತು, ಕಾಣುವುದಿಲ್ಲ. ಗ್ರಾಮ್ಯವೈರವು ಯಾವ ನೆಲದಲ್ಲಿ, ಯಾವ ನೀರಿನ ದೆಸೆಯಿಂದ, ಯಾವ ಸಂಬಂಧಗಳ ನಡುವೆ ಹುಟ್ಟುತ್ತಿದ್ದಿತೆಂಬುದನ್ನು ತಿಳಿಯಲು ನಮ್ಮಲ್ಲಿ ಎರಡು ಬಗೆಯ ಸಾಧನಗಳಿವೆ. ಒಂದು ಧರ್ಮಶಾಸ್ತ್ರಗ್ರಂಥಗಳ ವ್ಯವಹಾರಕಾಂಡ. ಮತ್ತೊಂದು ಕನ್ನಡನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳು. ಇವೆರಡನ್ನೂ ಬೇರೆ ಬೇರೆಯಾಗಿ ಓದಿದವರು ಅನೇಕರುಂಟು. ಜೊತೆಯಾಗಿಟ್ಟು ಓದಿದರೆ ತಿಳಿದುಬರುವ ಸಂಗತಿಗಳನ್ನು ವಿದ್ವಾಂಸರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶವು.

ಮೊದಲು ಶಬ್ದವಿಚಾರ. ಸಂಸ್ಕೃತದಲ್ಲಿ 'ವೈರ' ಶಬ್ದವು 'ವೀರ' ಶಬ್ದದಿಂದ ನಿಷ್ಪನ್ನವಾದ ತದ್ಧಿತಾಂತವು. ವೀರನ ಭಾವ ಅಥವಾ ಕರ್ಮ ವೈರ. ವೀರಗಲ್ಲೆಂದು ನಾವು ಕರೆಯುವುದರಲ್ಲಿ ಎಷ್ಟೋ ಕಲ್ಲುಗಳು ವೈರದ ಕಲ್ಲುಗಳೇ ಎಂಬುದು ಹೀಗೆ ಹೆಸರಿನಲ್ಲಿಯೇ ಅಡಗಿದೆ. ವೇದಭಾಷೆಯಲ್ಲಿ ವೀರನೆಂದರೆ ಪುರುಷನು, ಮನೆಯ ಗಂಡಾಳು. ಪ್ರಾಚೀನ ಆಂಗ್ಲರಲ್ಲಿಯೂ ಕೊಲೆಯಾದವನ ಬಂಧುಗಳಿಗೆ ಕೊಲೆಗಾರನ ಕಡೆಯವರು ಕೊಡುತ್ತಿದ್ದ ದ್ರವ್ಯಕ್ಕೆ 'ವೇರ್‌ಗಿಲ್ಡ್' ಎಂಬ ಹೆಸರಿದ್ದಿತು. ಅದರ ಪೂರ್ವಪದವಾದ 'ವೇರ್' ನಮ್ಮ ವೀರ ಶಬ್ದದ ಸಜಾತಿಯೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿರುವರು. ಋಗ್ವೇದದಲ್ಲಿಯೇ 'ವೈರದೇಯ' ಎಂಬ ಪದವು ದೊರೆಯುತ್ತದೆ. ಆಳಿಗೆ ಬೆಲೆಯಿಟ್ಟು ಹಗೆಯನ್ನು ತೀರಿಸುವ ಪದ್ಧತಿಯು ಎರಡು ಕಡೆಗಳಲ್ಲಿಯೂ ಬಹು ಪುರಾತನವಾದುದೆಂದು ಇದರಿಂದ ಊಹಿಸಬಹುದಾಗಿದೆ.

ಕನ್ನಡದ ಮಾತು ಇನ್ನೂ ಸ್ವಾರಸ್ಯವಾದುದು. 'ಪಗೆ' (ಹಗೆ), 'ಸೇಡು', 'ಕಿಚ್ಚು' ಇವುಗಳ ಜೊತೆಗೆ 'ಮುಯ್ಯಿ' ಎಂಬ ಮಾತೊಂದುಂಟು. ಮದುವೆ ಮುಂಜಿಗಳಲ್ಲಿ ಬಂಧುಗಳು ಕೊಡುವ ಉಡುಗೊರೆಯೂ ಮುಯ್ಯಿಯೇ. ಅದನ್ನು ಅವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸಲೇಬೇಕು. ಒಬ್ಬ ಒಕ್ಕಲಿನ ಹೊಲಕ್ಕೆ ಮತ್ತೊಬ್ಬನು ಕೂಲಿಯಿಲ್ಲದೆ ಬಂದು ದುಡಿದು, ತನ್ನ ಹೊಲದ ಸರದಿ ಬಂದಾಗ ಅವನ ದುಡಿಮೆಯನ್ನು ಪಡೆಯುವುದಕ್ಕೆ ಮುಯ್ಯಾಳು ಎಂಬ ಹೆಸರು. ತಲೆಗೆ ತಲೆ ತೆಗೆಯುವುದೂ ಮುಯ್ಯಿ ತೀರಿಸಿಕೊಳ್ಳುವುದೇ. ಕೊಂಡುದನ್ನು ಕೊಡತಕ್ಕದ್ದು, ಅದನ್ನು ಮರೆತವನು ಊರಿನಲ್ಲಿ ತಲೆಯೆತ್ತಿ ತಿರುಗಲಾರನು ಎಂಬ ಒಂದೇ ಕಟ್ಟಳೆಯಿಂದ ಸಹಾಯವೂ ಹಗೆಯೂ ಹುಟ್ಟಿ ಬೆಳೆದುವೆಂದು ಈ ಶಬ್ದವು ಹೇಳುತ್ತಿದೆ. ಹೀಗಿರುವಲ್ಲಿ ಹಳ್ಳಿಗರ ವೈರವನ್ನು ಅವರ ಒರಟುತನದ ಫಲವೆನ್ನುವುದು ಹೇಗೆ ಸರಿಯಾದೀತು? ನೆಂಟಸ್ತಿಕೆಯನ್ನು ಕಟ್ಟುವ ನಿಯಮವೇ ತಲೆಕೆಳಗಾಗಿ ನಿಂತಾಗ ವೈರವೆನಿಸಿಕೊಳ್ಳುತ್ತದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವು (ಸುಮಾರು 700) ಸಜ್ಜನರೊಡನೆ ಸೌಜನ್ಯದಿಂದಲೂ ಪೀಡಿಸುವವರೊಡನೆ ಅವರನ್ನು ಮೀರಿದ ಉಗ್ರತೆಯಿಂದಲೂ ನಡೆದವನೆಂದು ತನ್ನ ನಾಯಕನನ್ನು ಹೊಗಳುವುದಷ್ಟೆ. ಅದನ್ನು ನಮ್ಮ ಉಪಾಧ್ಯಾಯರು ತ್ರಿಪದಿಯ ಪ್ರಾಚೀನತೆಗೆ ಉದಾಹರಣೆಯಾಗಿ ಪಾಠಹೇಳುವರು. ಮುಯ್ಯಿಯ ಧರ್ಮಕ್ಕೆ ಉದಾಹರಣೆಯಾಗಿಯೂ ಹೇಳಬಹುದು. (ಹಗೆ ಎಂಬ ಮಾತಿಗೂ ಧಾನ್ಯವನ್ನು ಹೂಳಿಡುವ ಹಗೇವಿಗೂ ಸಂಬಂಧವನ್ನು ಕಲ್ಪಿಸುವ ಚಾಪಲ್ಯವು ಯಾರಿಗಾದರೂ ಬಂದೀತು. ಎರಡೂ ಬೇರೆ ಶಬ್ದಗಳು. ನೆಲದೊಳಗೆ ಬಹುಕಾಲ ಕೆಡದೆ ಇರುವುದೊಂದೇ ಅವುಗಳಿಗಿರುವ ಸಾಮ್ಯ.)

ಇನ್ನು ಕಲ್ಲುಗಳನ್ನು ಕುರಿತು. ವೀರಗಲ್ಲುಗಳೆಲ್ಲವೂ ನಮ್ಮ ಪ್ರಕೃತವಿಷಯಕ್ಕೆ ಸಾಕ್ಷಿಗಳಲ್ಲ. ಅರಸರ ದಂಡು ದಂಡುಗಳು ಕಾದಿದಾಗ ಮಡಿದವರ ಕಲ್ಲುಗಳನ್ನು ಬೇರೆಯಾಗಿಯೇ ಇಡಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಗಂಗ ಶ್ರೀಪುರುಷನ ಕಾಲದ, ಸುಮಾರು 750ರ ಕಿತ್ತಯ್ಯನ ಕಲ್ಲು ಇಂತಹುದು. ಆತನು ಮಡಿದುದು ರಟ್ಟವಾಡಿಯ ದಾಳಿಯನ್ನು ಎದುರಿಸಿ. ಬೇಗೂರಿನಿಂದ ತಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರಿಸಿರುವ ಪ್ರಸಿದ್ಧವಾದ ದೊಡ್ಡ ವೀರಗಲ್ಲೂ ಅಂತಹುದೇ. ಅಯ್ಯಪದೇವನಿಗೂ ವೀರಮಹೇಂದ್ರನಿಗೂ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನು ಮಡಿದನು. ಗಂಗ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇದು ರಾಜಕಾರ್ಯ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ ಮತ್ತೊಂದು ಸಣ್ಣ ಕಲ್ಲು, ಸುಮಾರು 900ರದು, ನಾಗತ್ತರನ ಪರಿವಾರಕ್ಕೆ ಸೇರಿದ ಬುತ್ತಣಸೆಟ್ಟಿಯು ಬೆಂಗಳೂರ ಕಾಳಗದಲ್ಲಿ ಸತ್ತನೆಂದು ಹೇಳಿ ನಿಲ್ಲುತ್ತದೆ. ಬೆಂಗಳೂರೆಂಬ ಹೆಸರಿಗೆ ದೊರೆತಿರುವ ಅತಿ ಪ್ರಾಚೀನವಾದ ಉಲ್ಲೇಖವೆಂದು ಎಲ್ಲರೂ ಇದನ್ನು ಎತ್ತಿ ಹೇಳುವರು. ಆ ಹೆಸರಿನ ಉತ್ಸಾಹದಲ್ಲಿ 'ಕಾಳಗ' ಎಂಬ ಮಾತನ್ನು ಗಮನಿಸಿದವರು ಕಡಿಮೆ. ರಾಜಧಾನಿಯ ಹೆಸರು ಮೊದಲು ಕಾಣಿಸಿಕೊಂಡುದು ಒಂದು ಸಾವಿನ ಲೆಕ್ಕದಲ್ಲಿ. ಎರಡೂ ಪಕ್ಷಗಳ ಅರಸರ ಹೆಸರನ್ನಾಗಲಿ ಕಾಳಗದ ಕಾರಣವನ್ನಾಗಲಿ ಕಲ್ಲು ಹೇಳುವುದಿಲ್ಲ. ಅಂದಿನವರಿಗೆ ಅದನ್ನು ಹೇಳಬೇಕಾಗಿರಲಿಲ್ಲ, ಎಲ್ಲರಿಗೂ ಗೊತ್ತಿದ್ದಿತು.

ಕಾರಣವನ್ನು ಹೇಳುವ ಕಲ್ಲುಗಳೂ ಬೇಕಾದಷ್ಟಿವೆ. ತುರುಗೋಳ್, ಪೆಣ್ಬುಯ್ಯಲ್, ಊರಳಿವು, ಗಡಿಯ ಕಾಳಗ: ಈ ನಾಲ್ಕು ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುವು. ದನವನ್ನು ಹಿಡಿದೊಯ್ದುದು, ಹೆಣ್ಣಿನ ಕೂಗು, ಊರಿನ ನಾಶ, ಎಲ್ಲೆಯ ಜಗಳ. ಬಿ. ಎಲ್. ರೈಸ್ ಮಹಾಶಯರು ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಇವುಗಳನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಪ್ರಕಟಿಸಿದರು. ಬೆಂಗಳೂರು ಜಿಲ್ಲೆಯ ಒಂಬತ್ತನೆಯ ಸಂಪುಟವು 1905ರಲ್ಲಿ ಹೊರಬಂದಿತು. ಎಂ. ಚಿದಾನಂದಮೂರ್ತಿಯವರು 1966ರಲ್ಲಿ ಪ್ರಕಟವಾದ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ'ದಲ್ಲಿ ಇವುಗಳ ಹಿಂದಿನ ಜೀವನವನ್ನು ವಿಸ್ತಾರವಾಗಿ ವಿವೇಚಿಸಿರುವರು. ಅವರ ಶ್ರಮದ ಫಲವನ್ನು ಉಂಡ ಮೇಲೆ ನಮಗುಳಿದ ಪ್ರಶ್ನೆ ಇದು: ಈ ನಾಲ್ಕರಲ್ಲಿ ತುರುಗೋಳೇ ಇಷ್ಟು ಪ್ರಬಲವಾಗಲು ಕಾರಣವೇನು?

ಉತ್ತರವು ನೆಲದ ಗುಣದಲ್ಲಿದೆ. ಸೊರಬ, ಶಿಕಾರಿಪುರ ಸೀಮೆಗಳಲ್ಲಿ ಇಂತಹ ಕಲ್ಲುಗಳು ಹೇರಳವಾಗಿವೆ, ಕರಾವಳಿಯಲ್ಲಿ ವಿರಳ. ಸ್ಮಾರಕವನ್ನು ನೆಡುವ ರೂಢಿಯಲ್ಲಿಯೇ ಭೇದವಿದ್ದಿರಬಹುದೆಂಬ ಆಕ್ಷೇಪವು ನ್ಯಾಯವಾದುದೇ. ಆದರೂ ಅದರಿಂದ ಇಡೀ ಭೇದವು ಪರಿಹಾರವಾಗುವುದಿಲ್ಲ. ಮಲೆಯ ಸೆರಗೂ ಬಯಲೂ ಕೂಡುವ ಸೀಮೆಯಲ್ಲಿ ಕಾವಲುಗಳು ವಿಶಾಲವಾಗಿದ್ದುವು. ದನವು ಊರಿನಿಂದ ದೂರ ಹೋಗಿ ಮೇಯುತ್ತಿದ್ದಿತು. ಕದ್ದವನು ಅರ್ಧ ಹಗಲಿನಲ್ಲಿ ಕಾಡನ್ನು ಸೇರಬಹುದಾಗಿದ್ದಿತು. ಹೊಲವನ್ನು ಹೊತ್ತುಕೊಂಡು ಓಡಲಾಗದು. ದನವು ತನ್ನ ಕಾಲಿನ ಮೇಲೆಯೇ ನಡೆದುಹೋಗುತ್ತದೆ. ಆದುದರಿಂದ ದನವೇ ಸಂಪತ್ತಾಗಿರುವ ಕಡೆ, 'ಇವನ ಗೊಡವೆಗೆ ಹೋದರೆ ಇವನು ಬಿಡನು' ಎಂಬ ಹೆಸರೊಂದೇ ಕೊಟ್ಟಿಗೆಯ ಬಾಗಿಲು. ಆ ಹೆಸರನ್ನು ಒಮ್ಮೆ ಕಳೆದುಕೊಂಡವನು ಮಂದೆಯನ್ನೂ ಕಳೆದುಕೊಳ್ಳುವನು. ಅಮೆರಿಕದ ನಿಸ್ಬೆಟ್ ಮತ್ತು ಕೋಹೆನ್ ಎಂಬ ವಿದ್ವಾಂಸರು 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ತಮ್ಮ ದೇಶದ ದಕ್ಷಿಣಭಾಗದ ಮಾನಾಭಿಮಾನದ ಕೊಲೆಗಳಿಗೆ ಅಲ್ಲಿ ನೆಲೆಸಿದವರ ಪೂರ್ವಿಕರ ಪಶುಪಾಲನವೃತ್ತಿಯನ್ನೇ ಕಾರಣವಾಗಿ ತೋರಿಸಿರುವರು. ನಮ್ಮ ವೀರಗಲ್ಲಿನ ಕೆಳಗಿನ ಹಲಗೆಯಲ್ಲಿ ಸಾಲಾಗಿ ಕೆತ್ತಿದ ಹಸುಗಳ ತಲೆಗಳನ್ನು ಕಂಡವರಿಗೆ ಈ ವಾದವು ಹೊಸದಾಗಿ ತೋರದು. ಮಹಾಭಾರತದ ಗೋಗ್ರಹಣಪ್ರಸಂಗವನ್ನು ಪಂಪನಿಂದ 941ರ ಸುಮಾರಿನಲ್ಲಿ ಕೇಳಿದ ಶ್ರೋತೃಗಳಿಗೂ ಅದು ದ್ವಾಪರದ ಮಾತಾಗಿ ಕೇಳಿಸಿರಲಾರದು. ತಮ್ಮ ಪಕ್ಕದ ಊರಿನ ಸುದ್ದಿಯಾಗಿಯೇ ಕೇಳಿಸಿರಬೇಕು. ನಮ್ಮ ಪಾಠಶಾಲೆಗಳಲ್ಲಿ ಆ ಭಾಗವನ್ನು ಉತ್ತರಕುಮಾರನ ಹಾಸ್ಯಕ್ಕಾಗಿ ಮಾತ್ರ ಓದಿಸುತ್ತಿರುವುದು ಶೋಚನೀಯ.

ಧರ್ಮಶಾಸ್ತ್ರಕಾರರು ಈ ಅಪಾಯವನ್ನು ಬಲ್ಲವರಾಗಿದ್ದರು. ಮನುವು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ದನದ ಒಡೆಯನಿಗೂ ಕಾಯುವವನಿಗೂ ನಡೆಯುವ ವಿವಾದವು ಒಂದು, ಸೀಮಾವಿವಾದವು ಮತ್ತೊಂದು. ಎಂಟನೆಯ ಅಧ್ಯಾಯದಲ್ಲಿ ಎರಡೂ ಒಂದರ ಬೆನ್ನಿಗೊಂದು ಬರುವುವು. ಈ ಸಾಮೀಪ್ಯವು ಆಕಸ್ಮಿಕವಲ್ಲ. ಗ್ರಾಮದ ಸುತ್ತಲೂ ನೂರು ಧನುಸ್ಸುಗಳಷ್ಟು ನೆಲವನ್ನು ಉಳದೆ ಮೇವಿಗಾಗಿ ಬಿಡಬೇಕು, ನಗರಕ್ಕೆ ಅದರ ಮೂರರಷ್ಟು ಎಂದು ಅವನು ವಿಧಿಸಿದನು. ಬೇಲಿಯಿಲ್ಲದ ಬೆಳೆಯನ್ನು ಅಲ್ಲಿ ದನವು ಮೇದರೆ ಕಾಯುವವನಿಗೆ ದಂಡವಿಲ್ಲವೆಂದನು. ದನಗಾಹಿಯೂ ಬೇಸಾಯಗಾರನೂ ಮೈಗೆ ಮೈ ತಾಗದಂತೆ ನಡುವೆ ಒಂದು ಪಟ್ಟಿಯ ನೆಲವನ್ನಿರಿಸುವುದು ಇದರ ಅಭಿಪ್ರಾಯ. ನಮ್ಮ ಗೋಮಾಳಗಳು ಅದೇ ಪರಂಪರೆಯವು. ಗೋಮಾಳವು ಉಳುಮೆಗೋ ನಿವೇಶನಕ್ಕೋ ಹೋದ ಊರುಗಳಲ್ಲಿ ಜಗಳವು ಮೊದಲು ಎಲ್ಲಿ ಹುಟ್ಟುವುದೆಂಬುದನ್ನು ಹಳ್ಳಿಯಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ.

ಸೀಮಾವಿವಾದದ ಪ್ರಕರಣವು ಇನ್ನೂ ವಿಚಾರಾರ್ಹವಾದುದು. ಎಲ್ಲೆಯಲ್ಲಿ ಆಲ, ಅರಳಿ, ಮುತ್ತುಗ, ಬೂರುಗ ಮೊದಲಾದ ಮರಗಳನ್ನು ನೆಡಬೇಕು. ಕೆರೆ, ಬಾವಿ, ದೇವಾಲಯಗಳನ್ನು ಎಲ್ಲೆ ಕೂಡುವ ಕಡೆ ಮಾಡಬೇಕು. ಇಷ್ಟಕ್ಕೇ ಮನುವು ತೃಪ್ತನಾಗಲಿಲ್ಲ. ಜನರು ಎಲ್ಲೆಯ ವಿಷಯದಲ್ಲಿ ನಿತ್ಯವೂ ತಪ್ಪುವರೆಂದು ಕಂಡು, ನೆಲದೊಳಗೆ ಗುಪ್ತವಾದ ಗುರುತುಗಳನ್ನು ಹೂಳಿಸೆಂದನು: ಕಲ್ಲು, ಎಲುಬು, ಹಸುವಿನ ಬಾಲದ ಕೂದಲು, ಹೊಟ್ಟು, ಬೂದಿ, ಮಡಕೆಯ ಚೂರು, ಒಣಗಿದ ಸಗಣಿ, ಇಟ್ಟಿಗೆ, ಇದ್ದಿಲು, ಮರಳು. ಮಣ್ಣು ಬೇಗನೆ ತಿನ್ನದ ವಸ್ತುಗಳನ್ನು ಆರಿಸಿದ ಈ ಪಟ್ಟಿಯನ್ನು ಮಾಡಿದವನು ಕೋಣೆಯಲ್ಲಿ ಕುಳಿತು ಬರೆದವನಲ್ಲ. ಸಾಕ್ಷಿಗಳ ವಿಚಾರವು ಇನ್ನೂ ಸೂಕ್ಷ್ಮವಾಗಿದೆ. ಸಾಕ್ಷಿಗಳು ತಲೆಯ ಮೇಲೆ ಮಣ್ಣನ್ನಿಟ್ಟುಕೊಂಡು, ಹೂಮಾಲೆ ಕೆಂಪುಬಟ್ಟೆಗಳನ್ನು ಧರಿಸಿ, ತಮ್ಮ ಸುಕೃತದ ಮೇಲೆ ಆಣೆಯಿಟ್ಟು ಎಲ್ಲೆಯನ್ನು ತೋರಿಸಬೇಕು. ಸಾಕ್ಷಿಗಳಿಲ್ಲದಿದ್ದರೆ ನೆರೆಯ ನಾಲ್ಕು ಗ್ರಾಮದವರು. ಅವರೂ ಮೂಲನಿವಾಸಿಗಳೂ ಇಲ್ಲದಿದ್ದರೆ ಬೇಡರು, ಹಕ್ಕಿಹಿಡಿಯುವವರು, ದನಗಾಹಿಗಳು, ಮೀನುಗಾರರು, ಬೇರುಕೀಳುವವರು, ಹಾವಾಡಿಗರು, ತೆನೆಯಾಯುವವರು. ವರ್ಣವ್ಯವಸ್ಥೆಯನ್ನು ಇಷ್ಟು ಕಠಿನವಾಗಿ ಹೇಳಿದ ಗ್ರಂಥವು ಇಲ್ಲಿ ಕೊನೆಯ ಪ್ರಮಾಣವನ್ನಾಗಿ ಅಂಗೀಕರಿಸಿರುವುದು ನೆಲವಿಲ್ಲದವರನ್ನು. ಅವರು ಎಲ್ಲೆಯನ್ನು ದಿನವೂ ದಾಟುವವರು, ಎಲ್ಲೆಯಿಂದ ಲಾಭವಿಲ್ಲದವರು. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯನ ಸೀಮಾವಿವಾದ ಪ್ರಕರಣವನ್ನು ವಿಸ್ತಾರವಾಗಿ ವ್ಯಾಖ್ಯಾನಿಸಿರುವುದನ್ನು ಓದುವಾಗ, ಅವನ ಕಿಟಕಿಯ ಹೊರಗೆ ತುರುಗೋಳಿನ ನಾಡೇ ಹರಡಿಕೊಂಡಿದ್ದಿತೆಂಬುದನ್ನು ಮರೆಯಬಾರದು.

ನೀರಿನ ಮಾತಿಗೆ ಬರೋಣ. ಬೆಂಗಳೂರಿನ ಸೀಮೆಯಲ್ಲಿ ಸದಾ ಹರಿಯುವ ಹೊಳೆಯಿಲ್ಲ. ದಿಣ್ಣೆಯ ಮೇಲಿನ ನೆಲ. ಬಿದ್ದ ಮಳೆಯನ್ನು ಹಿಡಿದಿಟ್ಟವನಿಗೆ ಬದುಕು. ಆದುದರಿಂದ ಒಂದರ ಕೋಡಿಯ ನೀರು ಮತ್ತೊಂದಕ್ಕೆ ಬೀಳುವಂತೆ ಕೆರೆಗಳನ್ನು ಸರಮಾಲೆಯಾಗಿ ಕಟ್ಟಿದರು. ಮಡಿವಾಳದ ಕೆರೆಯ ನೀರು ಅಗರಕ್ಕೂ, ಅಗರದ್ದು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿನ ಮೂಲಕ ದಕ್ಷಿಣಪಿನಾಕಿನಿಗೂ ಹೋಗುವುದು. ಈ ಲೇಖಕನು ವಾಸಿಸುವ ಸುದ್ದಗುಂಟೆಪಾಳ್ಯವು ಇದೇ ಸರಮಾಲೆಯ ನೆರೆಯದು. ಹೆಸರಿನಲ್ಲಿ ನೀರಿನ ಗುಂಟೆಯೂ ಇದೆ, ದಂಡಿನ ಪಾಳ್ಯವೂ ಇದೆ. ಪಕ್ಕದ ಬಿ.ಟಿ.ಎಂ. ಬಡಾವಣೆಯ ಮೂರು ಅಕ್ಷರಗಳು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರಿನ ಮೊದಲಕ್ಷರಗಳು. ಸಂದ್ರವೆಂದರೆ ಸಮುದ್ರ, ಎಂದರೆ ಕೆರೆಯೇ ಆದುದರಿಂದ ಮೂರರಲ್ಲಿ ಎರಡು ಕೆರೆಯ ಹೆಸರುಗಳು. ಮಡಿವಾಳದ ಸೋಮೇಶ್ವರ ದೇವಾಲಯದ 1247ರ ತಮಿಳು ಶಾಸನವು ವೆಂಗಳೂರಿನ ಹಿರಿಯ ಕೆರೆಯ ಕೆಳಗಿನ ಭೂಮಿಯ ದಾನವನ್ನು ಹೇಳುತ್ತದೆ. ಅದಕ್ಕೂ ಬಹು ಹಿಂದಿನ, ಗಂಗರ ಕಾಲದ ಅಗರದ ಶಾಸನವು ಎರಡು ಕೆರೆಗಳಿಗೆ ತೂಬನ್ನಿಡಿಸಿ ಮತ್ತೊಂದನ್ನು ಕಟ್ಟಿಸಿದವನಿಗೆ ಬಿತ್ತುವಟ್ಟವು ಸಂದುದನ್ನು ತಿಳಿಸುವುದು. ಬಿತ್ತುವಟ್ಟವೆಂದರೆ ಕೆರೆಯ ರಕ್ಷಣೆಗಾಗಿ ಅದರ ಕೆಳಗಿನ ಗದ್ದೆಯ ಫಲದಲ್ಲಿ ಬಿಟ್ಟ ಭಾಗ.

ಕೆರೆಯ ಸರಮಾಲೆಯು ಎಷ್ಟು ಜಾಣತನದ ಏರ್ಪಾಡೋ ಅಷ್ಟೇ ಜಗಳಕ್ಕೆ ಎಡೆ. ಮೇಲಿನ ಊರಿನವರು ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಅವರ ಗದ್ದೆಗೆ ಎರಡನೆಯ ಬೆಳೆ. ಕೆಳಗಿನ ಊರಿನವರಿಗೆ ಒಂದೂ ಇಲ್ಲ. ಮಳೆ ಹೆಚ್ಚಾದ ವರ್ಷ ಅದೇ ಕೋಡಿಯ ನೀರು ಕೆಳಗಿನವರ ಏರಿಯನ್ನು ಒಡೆಯುವುದು. ಅಪಕಾರವು ಕಣ್ಣೆದುರಿಗಿದೆ, ಮಾಡಿದವನ ಹೆಸರು ಗೊತ್ತಿದೆ, ಮುಂದಿನ ವರ್ಷವೂ ಅವನು ಅಲ್ಲಿಯೇ ಇರುವನು. ವೈರವು ಬೆಳೆಯಲು ಇದಕ್ಕಿಂತ ಹದವಾದ ನೆಲವಿಲ್ಲ. ಹಸಿವು ಕಳ್ಳತನವನ್ನು ಹುಟ್ಟಿಸಬಲ್ಲುದು. ವೈರಕ್ಕೆ ನೆರೆಹೊರೆಯೂ ನೆನಪೂ ಬೇಕು. 1876–78ರ ಕ್ಷಾಮದಿಂದ ಮೈಸೂರು ಸೀಮೆಯ ಜನಸಂಖ್ಯೆಯು 1871ರ 50 ಲಕ್ಷಕ್ಕೆ ಮೇಲ್ಪಟ್ಟ ಎಣಿಕೆಯಿಂದ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು. ಅಂತಹ ಕಾಲದಲ್ಲಿ ಜನರು ಊರನ್ನೇ ಬಿಟ್ಟು ಹೋಗುವರೇ ಹೊರತು ಹಗೆಯನ್ನು ಸಾಧಿಸುತ್ತ ಕುಳಿತಿರಲಾರರು. ವೈರವು ಅರೆಬರದ ನಾಡಿನ ಬೆಳೆ. ನೀರಿನ ಏರ್ಪಾಡನ್ನು ಕೆಡಿಸಿದವನ ಮೇಲೆ ಶಾಸ್ತ್ರಕಾರರಿಗಿದ್ದ ಕೋಪವು ಈ ಕಾರಣದಿಂದಲೇ ಅಷ್ಟು ತೀವ್ರವಾದುದು. ಕೆರೆಯನ್ನೊಡೆದವನನ್ನು ನೀರಿನಲ್ಲಿಯೇ ಮುಳುಗಿಸಿ ಕೊಲ್ಲಬಹುದೆಂದು ಮನುವೂ ಕೌಟಿಲ್ಯನೂ ಹೇಳಿರುವರು. ನಮ್ಮ ಹಳ್ಳಿಗಳಲ್ಲಿ ತೂಬನ್ನು ತೆಗೆದು ಮುಚ್ಚುವ ಕೆಲಸವನ್ನು ನೀರುಗಂಟಿಗೆ ವಹಿಸಿದುದರಲ್ಲಿಯೂ ಮೇಲೆ ಹೇಳಿದ ಬೇಡ ಹಾವಾಡಿಗರ ಸಾಕ್ಷ್ಯದ ನ್ಯಾಯವೇ ಕಾಣುತ್ತದೆ: ಗದ್ದೆಯ ದೊಡ್ಡ ಒಡೆಯನ ಕೈಯಲ್ಲಿ ತೂಬಿರಬಾರದು. ಜಗಳವು ಬಂದಾಗ ಮೊದಲ ಪೆಟ್ಟು ನೀರುಗಂಟಿಗೇ ಬೀಳುತ್ತಿದ್ದಿತೆಂಬುದು ಈ ನ್ಯಾಯದ ಮತ್ತೊಂದು ಮುಖ.

ವೀರಗಲ್ಲುಗಳಲ್ಲಿ ಹೆಸರಾದವರನ್ನು ನೋಡಿದರೂ ಇದೇ ತೋರುವುದು. ಮಡಿದವರಲ್ಲಿ ಗಾವುಂಡರೂ ಅವರ ಮಕ್ಕಳೂ ಇರುವರು, ನಿಜ. ಆದರೆ ಆಳುಗಳು, ಮನೆಮಕ್ಕಳೆಂದು ಕರೆಯಿಸಿಕೊಂಡ ಪರಿವಾರದವರು, ತಳವಾರರು ಇವರ ಕಲ್ಲುಗಳೂ ಕಡಿಮೆಯಲ್ಲ. ವೈರವು ಯಾರ ನೆಲಕ್ಕಾಗಿ ಹುಟ್ಟಿತೋ ಅವರೇ ಯಾವಾಗಲೂ ಸಾಯುತ್ತಿರಲಿಲ್ಲ.

ದನ, ಎಲ್ಲೆ, ನೀರು ಇವು ಊರಿಗೂ ಊರಿಗೂ ನಡುವಣ ವೈರದ ಬೀಜಗಳು. ಊರೊಳಗಿನ ವೈರಕ್ಕೆ ದಾಯಾದ್ಯವು ಬೀಜ. ಭಾರತಕಥೆಯು ಇದಕ್ಕೆ ಮಹಾನಿದರ್ಶನವಾದರೂ, ಕನ್ನಡನಾಡಿನ ಒಂದು ಶಾಸನವು ಅದನ್ನು ಕಾವ್ಯದ ದೂರದಿಂದ ಮನೆಯಂಗಳಕ್ಕೆ ತರುವುದು. ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ 1057ರ ಶಾಸನವು ಅದು. ನುಗುನಾಡಿನ ಒಡೆಯನಾದ ರವಿಗನ ಮಗಳು ದೇಕಬ್ಬೆಯನ್ನು ನವಿಲೆನಾಡಿನ ಏಚನಿಗೆ ಕೊಟ್ಟಿದ್ದಿತು. ಏಚನು ಮಲ್ಲಗಾಳೆಗದಲ್ಲಿ ದಾಯಿಗನೊಬ್ಬನನ್ನು ಕೊಂದನು. ತಲಕಾಡಿನಲ್ಲಿ ಚೋಳ ರಾಜೇಂದ್ರನ ಆಜ್ಞೆಯಿಂದ ಏಚನಿಗೆ ಮರಣದಂಡನೆಯಾಯಿತು. ಸುದ್ದಿಯನ್ನು ಕೇಳಿದ ದೇಕಬ್ಬೆಯು ತಡೆದವರ ಮಾತನ್ನು ಕೇಳದೆ ಅಗ್ನಿಯನ್ನು ಹೊಕ್ಕಳು. ಶಾಸನದ ಪದ್ಯಗಳನ್ನು ರಚಿಸಿದವನು ಮಲ್ಲನೆಂಬ ಕವಿ.

ಸಾಹಿತ್ಯಚರಿತ್ರೆಕಾರರು ಇದನ್ನು ಶಾಸನಕಾವ್ಯಗಳಲ್ಲಿ ಉತ್ತಮವೆಂದು ಹೊಗಳಿ ದೇಕಬ್ಬೆಯ ಪಾತಿವ್ರತ್ಯಕ್ಕೆ ಕಣ್ಣೀರಿಡುವರು. ವ್ಯವಹಾರದೃಷ್ಟಿಯಿಂದ ಓದಿದರೆ ಬೇರೊಂದು ಸಂಗತಿಯು ಎದ್ದು ಕಾಣುವುದು. ಕೊಲೆಯಾದವನ ಕಡೆಯವರು ಏಚನನ್ನು ಕೊಲ್ಲಲಿಲ್ಲ, ದೊರೆಯು ಕೊಲ್ಲಿಸಿದನು. ಸೇಡಿನ ಸರಪಣಿಯು ರಾಜದಂಡದಿಂದ ಕತ್ತರಿಸಿಹೋಯಿತು. ಆದರೆ ಆ ರಾಜದಂಡವು ನಾಡಿನದಾಗಿರಲಿಲ್ಲ. ಗಂಗರನ್ನು ಗೆದ್ದು ಬಂದ ಪರರಾಜನದು. ಪೆಟ್ಟಿಗೆ ಪೆಟ್ಟನ್ನು ಬಲ್ಲ ನಾಡಿನ ಜನರು ಈ ದಂಡನೆಯನ್ನು ನ್ಯಾಯವೆಂದು ಎಣಿಸಿದರೋ ಇನ್ನೊಂದು ಅಪಕಾರವೆಂದು ಎಣಿಸಿದರೋ? ಕಲ್ಲಿನ ಒಲವು ಏಚನ ಮನೆಯ ಕಡೆಗೇ ಇದೆ. ಸತ್ತ ದಾಯಾದಿಯ ಹೆಂಡತಿ ಮಕ್ಕಳಿಗೆ ಏನಾಯಿತೆಂಬುದಕ್ಕೆ ಅಲ್ಲಿ ಎಡೆಯಿಲ್ಲ. ಎರಡು ಗಂಡಸರ ಬಲಪರೀಕ್ಷೆಗೆ ಮೂರನೆಯದಾಗಿ ತೆತ್ತ ತಲೆಯು ಹೆಂಗಸಿನದು. ಅದನ್ನು ಅಪರಾಧಗಳ ಲೆಕ್ಕಕ್ಕೆ ಯಾರೂ ಸೇರಿಸಲಿಲ್ಲ, ಪುಣ್ಯದ ಲೆಕ್ಕಕ್ಕೆ ಸೇರಿಸಿದರು.

ಹಗೆಯನ್ನು ತೀರಿಸುವ ಉಪಾಯಗಳನ್ನು ಈಗ ನೋಡಬೇಕು. ಆಪಸ್ತಂಬಧರ್ಮಸೂತ್ರವು ಕ್ಷತ್ರಿಯನನ್ನು ಕೊಂದವನು ವೈರಯಾತನಾರ್ಥವಾಗಿ ಸಾವಿರ ಗೋವುಗಳನ್ನೂ ವೈಶ್ಯನಿಗೆ ನೂರನ್ನೂ ಶೂದ್ರನಿಗೆ ಹತ್ತನ್ನೂ ಕೊಡಬೇಕೆಂದೂ, ಪ್ರಾಯಶ್ಚಿತ್ತಕ್ಕಾಗಿ ಎಲ್ಲ ಕಡೆಗಳಲ್ಲಿಯೂ ಒಂದು ವೃಷಭವನ್ನು ಹೆಚ್ಚಾಗಿ ಕೊಡಬೇಕೆಂದೂ ವಿಧಿಸುವುದು. ಹಗೆಗೂ ಪಾಪಕ್ಕೂ ಬೇರೆ ಬೇರೆ ಬೆಲೆಯನ್ನು ಕಟ್ಟಿದ ಸೂಕ್ಷ್ಮವನ್ನು ಗಮನಿಸತಕ್ಕದ್ದು: ಗೋವುಗಳು ಮನುಷ್ಯರ ಕೋಪಕ್ಕೆ, ವೃಷಭವು ಕರ್ತನ ಪಾಪಕ್ಕೆ. ಯಾರ ಕೈಗೆ ಕೊಡಬೇಕೆಂದು ಸೂತ್ರವು ಹೇಳದು. ಬೌಧಾಯನನು ರಾಜನಿಗೆ ಕೊಡಬೇಕೆಂದು ಸ್ಪಷ್ಟವಾಗಿ ಹೇಳುವನು. ಮೊದಲು ಬಂಧುಗಳಿಗೆ ಸಲ್ಲುತ್ತಿದ್ದುದು ಕ್ರಮೇಣ ದೊರೆಯ ಬೊಕ್ಕಸಕ್ಕೆ ತಿರುಗಿತೆಂದು ನಮ್ಮ ಅಭಿಪ್ರಾಯ. ಆ ತಿರುಗುವಿಕೆಯಿಂದ ದಂಡನೀತಿಯು ಬೆಳೆಯಿತು, ಸತ್ತವನ ಮನೆಯು ಬರಿದಾಯಿತು. ಹತ್ತು ಹಸುಗಳಿಗೂ ಸಾವಿರ ಹಸುಗಳಿಗೂ ಇರುವ ಅಂತರವನ್ನು ನಾವು ಮುಚ್ಚಿಡಬೇಕಾಗಿಲ್ಲ. ಬೆಲೆ ಅಗ್ಗವಾದವರ ಕೊಲೆಯೂ ಅಗ್ಗವಾಗುವುದು ಲೋಕಾನುಭವ.

ಕನ್ನಡ ಶಾಸನಗಳಲ್ಲಿ ಇದಕ್ಕೆ ಹತ್ತಿರವಾದುದು ನೆತ್ತರುಗೊಡಗೆ, ರಕ್ತಗೊಡಗೆ ಎಂಬ ಭೂದಾನ. ಮಡಿದವನ ಮಕ್ಕಳಿಗೋ ಬಂಧುಗಳಿಗೋ ಅವನ ನೆತ್ತರಿಗಾಗಿ ಕೊಟ್ಟ ನೆಲ. ಇದನ್ನು ವೀರನಿಗೆ ಕೊಡುವ ಬಾಳ್ಗಳ್ಚಿನೊಡನೆ ಬೆರೆಸಬಾರದು. ಬಾಳ್ಗಳ್ಚು ಕತ್ತಿಯನ್ನು ತೊಳೆದ ಗೌರವದ ಕೊಡುಗೆ, ಹಲ್ಮಿಡಿಯ ಶಾಸನದಷ್ಟು ಹಳೆಯದು. ನೆತ್ತರುಗೊಡಗೆಯನ್ನು ಪ್ರಾಚೀನ ವೈರದೇಯದ ಮುಂದುವರಿಕೆಯೆಂದು ಹೇಳಲು ಮನಸ್ಸಾಗುವುದು ಸಹಜವೇ. ಆದರೆ ಒಂದು ಮುಖ್ಯವಾದ ಭೇದವುಂಟು, ಅದನ್ನು ಗಮನಿಸದೆ ಈ ಸಮೀಕರಣವನ್ನು ಒಪ್ಪಲಾಗದು. ವೈರದೇಯವನ್ನು ಕೊಡುವವನು ಕೊಂದವನು. ನೆತ್ತರುಗೊಡಗೆಯನ್ನು ಕೊಡುವವರು ಸತ್ತವನ ಕಡೆಯ ಊರಿನವರು, ಅಥವಾ ಅವನ ಒಡೆಯನು. ಒಂದರಲ್ಲಿ ಹಗೆಯ ಕಡೆಯಿಂದ ದ್ರವ್ಯವು ಬಂದು ಹಗೆಯು ತೀರುವುದು. ಮತ್ತೊಂದರಲ್ಲಿ ಸತ್ತವನ ಮಕ್ಕಳ ಹಸಿವು ತೀರುವುದು, ಹಗೆಯು ಹಾಗೆಯೇ ಉಳಿಯುವುದು. ಉಳಿಯುವುದಷ್ಟೇ ಅಲ್ಲ, ಆ ಹೊಲವನ್ನುಳುವ ಮೊಮ್ಮಗನು 'ಇದು ನಮಗೆ ಹೇಗೆ ಬಂದಿತು?' ಎಂದು ಕೇಳಿದಾಗಲೆಲ್ಲ ಹಳೆಯ ಕಾಳಗದ ಕಥೆಯನ್ನು ಹೇಳಬೇಕಾಗುವುದು. ಎದುರಿಗೆ ಕಲ್ಲೂ ನಿಂತಿದೆ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ಎದುರೂರಿನಲ್ಲಿ ಕೊಲೆಗಾರನೆನಿಸಿಕೊಂಡವನು ಇಲ್ಲಿ ಕೈಲಾಸವನ್ನು ಸೇರಿರುವನು. ಆ ಊರಿನ ಕಲ್ಲಿನಲ್ಲಿ ಇದೇ ಕಥೆಯು ತಿರುಗುಮುರುಗಾಗಿ ಕೆತ್ತಲ್ಪಟ್ಟಿರುವುದು.

ಇದಕ್ಕೆ ಪ್ರತಿವಾದವನ್ನೂ ಹೇಳಬೇಕು. ತಂದೆಯ ಸಾವಿಗೆ ಊರೇ ಋಣಿಯೆಂದು ಒಪ್ಪಿಕೊಂಡ ಮೇಲೆ ಮಗನು ಏಕಾಂಗಿಯಾಗಿ ಕತ್ತಿ ಹಿಡಿದು ಹೊರಡಬೇಕಾದ ಒತ್ತಾಯವು ಕಡಿಮೆಯಾಗುವುದಲ್ಲವೇ? ಆಗುವುದು. ಒಬ್ಬೊಬ್ಬರ ವೈರವನ್ನು ಊರಿನ ವೈರವನ್ನಾಗಿ ಮಾಡಿದುದೇ ನೆತ್ತರುಗೊಡಗೆಯ ಕೆಲಸವೆಂದು ಹೇಳಿದರೆ ಎರಡು ಪಕ್ಷಗಳೂ ಸರಿಹೊಂದುವುವು. ಊರಿನ ವೈರವು ನಿಧಾನವಾದುದು, ಲೆಕ್ಕಾಚಾರವುಳ್ಳದು, ಪಂಚಾಯಿತಿಗೆ ಒಗ್ಗುವಂತಹುದು. ಆದರೆ ಒಮ್ಮೆ ಹೊತ್ತಿದರೆ ದೊಡ್ಡದು.

ಎರಡೂ ಪಕ್ಷಗಳನ್ನು ಒಂದೇ ಹೊಣೆಗೆ ಕಟ್ಟಿದ ಏರ್ಪಾಡಿಗೆ ನಮ್ಮಲ್ಲಿ ದೊರೆಯುವ ಉತ್ತಮವಾದ ನಿದರ್ಶನವು ಗ್ರಾಮವೈರದ್ದಲ್ಲ, ಮತವೈರದ್ದು. ಆದರೂ ಅದನ್ನು ಬಿಡಲಾಗದು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವು ಬಂದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಹಿಡಿದುಕೊಟ್ಟನು. ಇಷ್ಟಕ್ಕೇ ಬಿಟ್ಟಿದ್ದರೆ ಅದು ಸಭೆಯ ಶಿಷ್ಟಾಚಾರವಾಗುತ್ತಿದ್ದಿತು. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನೆತ್ತಿ ಬೆಳಗೊಳದ ದೇವರ ರಕ್ಷಣೆಗೆ 20 ಜನ ಕಾವಲಿನವರನ್ನು ತಿರುಮಲೆಯ ತಾತಯ್ಯನು ನೇಮಿಸಬೇಕೆಂದೂ, ಉಳಿದ ಹಣವನ್ನು ಜಿನಾಲಯಗಳ ಸುಣ್ಣಕ್ಕೆ ಉಪಯೋಗಿಸಬೇಕೆಂದೂ ಕಟ್ಟಳೆಯಾಯಿತು. ಹಗೆಯವನೇ ಕಾವಲಿಗೆ ಹೊಣೆ. ಶ್ರವಣಬೆಳಗೊಳದಲ್ಲಿಯೂ ಮಾಗಡಿ ಸೀಮೆಯ ಕಲ್ಯದಲ್ಲಿಯೂ ಈ ಶಾಸನವು ನಿಂತಿದೆ. ದನಕ್ಕೂ ನೀರಿಗೂ ಇಂತಹುದೇ ಒಂದು ಏರ್ಪಾಡನ್ನು ನಮ್ಮ ಅರಸರು ನಾಡಿಗೆಲ್ಲ ಮಾಡಿದ್ದರೆ ವೀರಗಲ್ಲುಗಳ ಸಂಖ್ಯೆಯು ಎಷ್ಟೋ ಕಡಿಮೆಯಾಗುತ್ತಿದ್ದಿತು. ಅವರು ಮಾಡಲಿಲ್ಲ. ಗಡಿಯಲ್ಲಿ ಕಾದುವ ಊರುಗಳು ದಂಡಿಗೆ ಆಳನ್ನು ಒದಗಿಸುವ ಊರುಗಳೂ ಆಗಿದ್ದುವು. ಅಲ್ಲಿನ ಛಲವು ಆರಿಹೋಗುವುದು ಅರಸರಿಗೆ ಅಷ್ಟಾಗಿ ಬೇಕಾಗಿರಲಿಲ್ಲವೆಂದು ತೋರುವುದು.

ಮುಂದಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಸೀಮೆಯಲ್ಲಿ 1863ರಲ್ಲಿ ಭೂಮಾಪನದ ಇಲಾಖೆಯು ಏರ್ಪಟ್ಟು, ಮನುವಿನ ಇದ್ದಿಲು ಮಡಕೆಚೂರುಗಳ ಸ್ಥಾನಕ್ಕೆ ಸರ್ವೇ ಕಲ್ಲುಗಳೂ ನಕ್ಷೆಗಳೂ ಬಂದುವು. ತುರುಗೋಳು ನಿಂತುಹೋಯಿತು. ಎಲ್ಲೆಯ ಜಗಳವು ನಿಲ್ಲಲಿಲ್ಲ. ಬೇಡನೂ ಹಾವಾಡಿಗನೂ ಹೇಳುತ್ತಿದ್ದ ಸಾಕ್ಷ್ಯವನ್ನು ಕಾಗದವು ಹೇಳತೊಡಗಿದ ಮೇಲೆ, ಕಾಗದವನ್ನು ಓದಬಲ್ಲವನ ಕಡೆಗೆ ಎಲ್ಲೆಯು ಸರಿಯತೊಡಗಿತು. ನೆಲ ನೀರುಗಳ ವಿವಾದದಿಂದ ಶಾಂತಿಭಂಗವಾಗುವ ಸಂಭವವಿದ್ದರೆ ಮ್ಯಾಜಿಸ್ಟ್ರೇಟರು ಮಧ್ಯೆ ಪ್ರವೇಶಿಸಬೇಕೆಂಬ ವಿಧಿಯು ದಂಡಪ್ರಕ್ರಿಯಾ ಸಂಹಿತೆಯಲ್ಲಿ ಬಹುಕಾಲ 145ನೆಯ ಪ್ರಕರಣವಾಗಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 164ನೆಯದಾಗಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ವರ್ಷಕ್ಕೊಮ್ಮೆ ಪ್ರಕಟಿಸುವ ವರದಿಗಳಲ್ಲಿ ಕೊಲೆಯ ಕಾರಣಗಳನ್ನು ವಿಂಗಡಿಸಿರುವ ಕೋಷ್ಟಕವನ್ನು ನೋಡಿದವರಿಗೆ ವೈಯಕ್ತಿಕ ವೈರ, ಆಸ್ತಿ ಮತ್ತು ಜಮೀನಿನ ವಿವಾದ, ಕೌಟುಂಬಿಕ ವಿವಾದ, ನೀರಿನ ವಿವಾದ ಎಂಬ ಶೀರ್ಷಿಕೆಗಳು ಕಾಣುವುವು. ಹದಿನೆಂಟು ವ್ಯವಹಾರಪದಗಳನ್ನು ಓದಿದವನಿಗೆ ಈ ಶೀರ್ಷಿಕೆಗಳಲ್ಲಿ ಅಪರಿಚಿತವಾದುದು ಯಾವುದೂ ಇಲ್ಲ. ಎಣಿಸುವವರು ವೈರವನ್ನೂ ಜಮೀನನ್ನೂ ನೀರನ್ನೂ ಬೇರೆ ಬೇರೆ ಮನೆಗಳಲ್ಲಿ ಬರೆದುಕೊಳ್ಳುವರು. ನೀರಿಗಾಗಿ ಹುಟ್ಟಿದ ಜಗಳವು ಇಪ್ಪತ್ತು ವರ್ಷಗಳ ಮೇಲೆ ಕೊಲೆಯಾಗಿ ತೀರಿದರೆ ಅದನ್ನು ಯಾವ ಮನೆಗೆ ಸೇರಿಸಬೇಕು? ಬಹುಶಃ ವೈಯಕ್ತಿಕ ವೈರಕ್ಕೇ ಸೇರಿಸುವರು. ಆಗ ನೀರು ಲೆಕ್ಕದಿಂದ ಜಾರಿಹೋಗುವುದು, ಸ್ವಭಾವದ ಮಾತು ಮತ್ತೆ ತಲೆಯೆತ್ತುವುದು.

ಕೊನೆಯದಾಗಿ ಹಳ್ಳಿಗಳಲ್ಲಿ ಕೆಲಸಮಾಡುವ ಉಪಾಧ್ಯಾಯಮಿತ್ರರಲ್ಲಿ ಒಂದು ವಿಜ್ಞಾಪನೆ. ಪ್ರಕಟವಾಗಿರುವ ಸಂಪುಟಗಳು ಸಾಮಾನ್ಯವಾಗಿ ವೀರಗಲ್ಲಿನ ಪಾಠವನ್ನೂ ಅದು ಇರುವ ಹೊಲ ಅಥವಾ ಗುಡಿಯ ಹೆಸರನ್ನೂ ಕೊಡುವುವು. ಕಲ್ಲು ಊರಿನ ಗಡಿಯಿಂದ ಎಷ್ಟು ದೂರದಲ್ಲಿದೆ, ಕೆರೆಯ ಏರಿಯ ಮೇಲಿದೆಯೋ ಕೋಡಿಯ ಬಳಿಯಿದೆಯೋ ಗೋಮಾಳದ ಅಂಚಿನಲ್ಲಿದೆಯೋ, ಅದರ ಮುಖವು ಯಾವ ಊರಿನ ಕಡೆಗೆ ತಿರುಗಿದೆ ಎಂಬ ವಿಷಯಗಳು ಅಲ್ಲಿ ವಿರಳವಾಗಿ ಮಾತ್ರ ದೊರೆಯುವುವು. ರಸ್ತೆಗಳೂ ಬಡಾವಣೆಗಳೂ ಬಂದ ಕಡೆ ಕಲ್ಲುಗಳನ್ನು ಎತ್ತಿ ದೇವಾಲಯದ ಪ್ರಾಕಾರಕ್ಕೆ ಒರಗಿಸಿಡುವರು. ಆ ಮೇಲೆ ಈ ಪ್ರಶ್ನೆಗಳಿಗೆ ಉತ್ತರವು ಸಿಕ್ಕದು. ಕದಲದೆ ಮೂಲಸ್ಥಾನದಲ್ಲಿಯೇ ಇರುವ ಕಲ್ಲುಗಳ ವಿಷಯದಲ್ಲಿ ಇವಿಷ್ಟನ್ನು ಬರೆದಿಟ್ಟು, ಹಳೆಯ ಗ್ರಾಮನಕ್ಷೆಯ ಮೇಲೆ ಒಂದು ಚುಕ್ಕೆಯನ್ನಿಟ್ಟು ಪತ್ರಿಕೆಗೆ ಕಳುಹಿಸಿಕೊಟ್ಟರೆ, ತುರುಗೋಳಿನ ಕಲ್ಲುಗಳು ಮೇವಿನ ಅಂಚಿನಲ್ಲಿಯೂ ಊರಳಿವಿನ ಕಲ್ಲುಗಳು ನೀರಿನ ದಾರಿಯಲ್ಲಿಯೂ ಹೆಚ್ಚಾಗಿ ನಿಂತಿವೆಯೇ ಎಂಬುದನ್ನು ಪರೀಕ್ಷಿಸಲು ಸಾಧ್ಯವಾಗುವುದು.